ಸ್ಪೈಕ್ಸ್ ಹದಿನೈದು ಸಾವಿರದ್ದು, ಓಡುವುದು ಮಣ್ಣಿನ ಮೇಲೆ

ಶಾಲಾ ಕ್ರೀಡಾಕೂಟಗಳ ಕಾಲ ಬಂತು ಅಂದರೆ ಹಾಸನ, ಚಿಕ್ಕಮಗಳೂರು ಕಡೆ ಅಪ್ಪ ಅಮ್ಮಂದಿರದ್ದು ಒಂದೇ ಪ್ರಶ್ನೆ. ಮಗಳು 100 ಮೀಟರ್‌ನಲ್ಲಿ ತಾಲ್ಲೂಕಿಗೆ ಸೆಲೆಕ್ಟ್ ಆಗಿದ್ದಾಳೆ, ಯಾವ ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಂಥ ಪಿನ್ ಇರುವ ಓಟದ ಶೂ) ಕೊಡಿಸಲಿ? ಕೇಳಿದ ಬೆನ್ನಲ್ಲೇ ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿ ಯಾರೋ ಹಾಕಿದ್ದ, ಕಣ್ಣು ಕುಕ್ಕುವ ಬಣ್ಣದ, ಅಡಿಯಲ್ಲಿ ಕಾರ್ಬನ್ ಪ್ಲೇಟ್ ಅನ್ನುವ ಗಟ್ಟಿ ಹಾಳೆ ಇರುವ ಶೂ. ಬೆಲೆ ಹದಿನೈದು ಸಾವಿರದ ಆಚೆಗೆ. ಇದು ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತಂತೆ, ಹೌದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಕ್ಕಳಿಗೆ ಶೂ ಯಾವ ಕಂಪನಿಯದ್ದು ಅನ್ನುವುದಕ್ಕಿಂತ ಓಡುವ ನೆಲ ಯಾವುದು ಅನ್ನುವುದು ದೊಡ್ಡ ವಿಷಯ. ಪಿನ್ ಬಿಚ್ಚಿ ಹಾಕಲು ಬರುವ, ಕಾಲಿಗೆ ಸರಿಯಾಗಿ ಕೂರುವ, ಕೈಯಲ್ಲಿ ಒತ್ತಿದರೆ ಸ್ವಲ್ಪವಾದರೂ ಬಗ್ಗುವ ಸಾಧಾರಣ ಸ್ಪೈಕ್ಸ್ ಒಂದು ಜೊತೆ, ಅದಕ್ಕೆ ಎರಡು ಅಳತೆಯ ಪಿನ್. ಅಷ್ಟು ಸಾಕು. ಉಳಿಯುವ ದುಡ್ಡಿಗೆ ಬೇರೆ ಒಳ್ಳೆಯ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ದುಬಾರಿ ಶೂಗಳ ಗಲಾಟೆ ಏನು ಅಂತ ನೋಡೋಣ. ಗಟ್ಟಿ ಪ್ಲೇಟ್, ಕಾರ್ಬನ್ ಪ್ಲೇಟ್ ಓಟದ ಶೂಗಳಿಗೆ ಹೊಸದೇನಲ್ಲ. ಹೊಸದು ಏನಂದರೆ ಆ ಪ್ಲೇಟಿನ ಜೊತೆ ಸೇರಿಕೊಂಡ ಹಗುರವಾದ, ಒತ್ತಿದರೆ ಪುಟಿಯುವ ಫೋಮ್. ಒಂದು ಮಾದರಿಯಲ್ಲಂತೂ ಮುಂಗಾಲಿನ ಕೆಳಗೆ ಗಾಳಿ ತುಂಬಿದ ಚೀಲವನ್ನೇ ಇಟ್ಟರು. ಸೂಪರ್ ಸ್ಪೈಕ್ಸ್ ಅನ್ನುವುದು ಇವನ್ನೇ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಕಾರ್ಸ್ಟನ್ ವಾರ್‌ಹೋಮ್ 400 ಮೀಟರ್ ಹರ್ಡಲ್ಸ್ ಅನ್ನು 45.94 ಸೆಕೆಂಡಿನಲ್ಲಿ ಮುಗಿಸಿದರು. ಎರಡನೆಯವರಾದ ಅಮೆರಿಕದ ರಾಯ್ ಬೆಂಜಮಿನ್ ಅವರ 46.17 ಕೂಡ ಹಳೆಯ ವಿಶ್ವದಾಖಲೆಗಿಂತ ಚೆನ್ನಾಗಿತ್ತು. ಗೆದ್ದವರು ಖುಷಿಯಲ್ಲಿರಬೇಕಲ್ಲ? ವಾರ್‌ಹೋಮ್ ಎದುರಾಳಿಯ ಶೂ ಬಗ್ಗೆ ಬಹಿರಂಗವಾಗಿಯೇ ಕಿಡಿಕಾರಿದರು. ಅವರ ಕಾಲಲ್ಲೂ ಕಾರ್ಬನ್ ಪ್ಲೇಟ್ ಇತ್ತು ಅನ್ನಿ, ಪೂಮಾ ಕಂಪನಿ ಮರ್ಸಿಡಿಸ್ ಫಾರ್ಮುಲಾ ಒನ್ ತಂಡದ ಜೊತೆ ಸೇರಿ ಮಾಡಿಕೊಟ್ಟಿದ್ದು. ಅದೇ ವರ್ಷ ಉಸೇನ್ ಬೋಲ್ಟ್ ಕೂಡ ಇಂಥ ಶೂ ನ್ಯಾಯವಲ್ಲ ಅಂದಿದ್ದರು.

ಅಥ್ಲೆಟಿಕ್ಸ್‌ನ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಇದಕ್ಕೆಲ್ಲ ಮಿತಿ ಹಾಕಿದೆ. 2024ರ ನವೆಂಬರ್ 1ರಿಂದ ಟ್ರ್ಯಾಕ್‌ನ ಯಾವ ಓಟಕ್ಕೂ ಶೂ ಅಡಿಯ ದಪ್ಪ 20 ಮಿ.ಮೀ. ದಾಟುವಂತಿಲ್ಲ. ಒಂದು ಶೂನಲ್ಲಿ 11ಕ್ಕಿಂತ ಹೆಚ್ಚು ಪಿನ್ ಇರುವಂತಿಲ್ಲ. ಸಿಂಥೆಟಿಕ್, ಅಂದರೆ ರಬ್ಬರಿನಂಥ ನೆಲದ ಟ್ರ್ಯಾಕ್ ಮೇಲೆ ಪಿನ್ 9 ಮಿ.ಮೀ.ಗಿಂತ ಉದ್ದ ಇರಬಾರದು, ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ ಮಾತ್ರ 12 ಮಿ.ಮೀ. ವರೆಗೆ ರಿಯಾಯಿತಿ. ಸಿಂಥೆಟಿಕ್ ಅಲ್ಲದ ನೆಲದಲ್ಲಿ 25 ಮಿ.ಮೀ. ವರೆಗೂ ಹೋಗಬಹುದು. ನಮ್ಮ ತಾಲ್ಲೂಕು ಕೂಟದಲ್ಲಿ ಸ್ಕೇಲ್ ಹಿಡಿದು ಶೂ ಅಳೆಯಲು ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಆದರೆ ಈ ಸಂಖ್ಯೆಗಳು ನೆನಪಿರಲಿ, ಮುಂದೆ ಉಪಯೋಗಕ್ಕೆ ಬರುತ್ತವೆ.

ಶೂ ಜಗಳ ಇವತ್ತಿನದ್ದೂ ಅಲ್ಲ. 1968ರಲ್ಲಿ ಪೂಮಾದವರು ಬ್ರಷ್ ಸ್ಪೈಕ್ಸ್ ಅಂತ ಒಂದು ಶೂ ತಂದಿದ್ದರು. ಅಡಿಯಲ್ಲಿ ಸೂಜಿಯಂಥ 68 ಸಣ್ಣ ಮೊಳೆಗಳು. ಮೆಕ್ಸಿಕೊ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಆಯ್ಕೆ ನಡೆದಾಗ ಅದನ್ನು ಹಾಕಿಕೊಂಡು ಜಾನ್ ಕಾರ್ಲೊಸ್ 200 ಮೀಟರ್‌ನಲ್ಲಿ, ಲೀ ಇವಾನ್ಸ್ 400 ಮೀಟರ್‌ನಲ್ಲಿ ವಿಶ್ವದಾಖಲೆಗಿಂತ ವೇಗವಾಗಿ ಓಡಿದರು. ಆಗ ನಿಯಮದಲ್ಲಿ ಇದ್ದದ್ದು ಆರೇ ಮೊಳೆ. ದಾಖಲೆಗಳು ಮಾನ್ಯ ಆಗಲಿಲ್ಲ, ಶೂ ನಿಷೇಧವಾಯಿತು. ಮುಂದಿನದು ನೋಡಿ. ಕೆಲವೇ ವಾರಗಳ ನಂತರ ಮೆಕ್ಸಿಕೊದಲ್ಲಿ ಅದೇ ಲೀ ಇವಾನ್ಸ್ ನಿಯಮದ ಶೂನಲ್ಲಿ 43.86 ಓಡಿ ಚಿನ್ನ ಗೆದ್ದರು. ಆ 68 ಮೊಳೆಯ ಶೂನಲ್ಲಿ ಓಡಿದ್ದಕ್ಕಿಂತ ವೇಗ. ಆ ದಾಖಲೆ 1988ರ ತನಕ ಯಾರ ಕೈಗೂ ಸಿಗಲಿಲ್ಲ.

ಪುರುಷರ ಈಗಿನ ದಾಖಲೆಗಳನ್ನೇ ಸಾಲಾಗಿ ಇಟ್ಟು ನೋಡಿ. ಬೋಲ್ಟ್ ಅವರ 100 ಮೀಟರ್‌ನ 9.58 ಮತ್ತು 200 ಮೀಟರ್‌ನ 19.19 ಎರಡೂ 2009ರವು. 400 ಮೀಟರ್‌ನಲ್ಲಿ ವೇಡ್ ವಾನ್ ನೀಕರ್ಕ್ ಅವರ 43.03 ಬಂದಿದ್ದು 2016ರಲ್ಲಿ. ಮೂರೂ ಈ ಪುಟಿಯುವ ಫೋಮ್ ಬರುವುದಕ್ಕೆ ಮೊದಲಿನವು. ಬೋಲ್ಟ್ 2008ರಲ್ಲಿ ಬೀಜಿಂಗ್‌ನಲ್ಲಿ 9.69 ಓಡಿದಾಗ ಎಡಗಾಲಿನ ಶೂ ಲೇಸ್ ಬಿಚ್ಚಿಕೊಂಡಿತ್ತು, ಪಾಪ. ದೂರದ ಓಟಗಳಲ್ಲಿ ಹೊಸ ಶೂ ಬಂದ ಮೇಲೆ ದಾಖಲೆಗಳು ಸರಸರ ಬಿದ್ದವು. 100, 200ರಲ್ಲಿ ಆ ಥರ ಆಗಿಲ್ಲ.

ಹಾಗಂತ ಶೂನಿಂದ ಏನೂ ಇಲ್ಲ ಅನ್ನುತ್ತಿಲ್ಲ. 2024ರ ಪ್ಯಾರಿಸ್ 100 ಮೀಟರ್ ಫೈನಲ್‌ನಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789. ಮಧ್ಯೆ ಇದ್ದದ್ದು ಒಂದು ಸೆಕೆಂಡಿನ ಸಾವಿರದ ಐದು ಭಾಗ. ಅಷ್ಟು ಸಣ್ಣ ಅಂತರದಲ್ಲಿ ಬದುಕುವವರಿಗೆ ಶೂನ ಒಂದೊಂದು ಗ್ರಾಮೂ ಲೆಕ್ಕವೇ. ಎಂಟನೇ ಕ್ಲಾಸಿನ ಹುಡುಗನ ಲೆಕ್ಕ ಅದಲ್ಲ, ಅಷ್ಟೇ.

ಗಟ್ಟಿ ಪ್ಲೇಟ್ ಮಾಡುವ ಕೆಲಸ ಏನು? ಓಡುವಾಗ ಪ್ರತಿ ಹೆಜ್ಜೆಗೂ ಬೆರಳುಗಳ ಬುಡ ಮಡಿಸುತ್ತದೆ. ಮಡಿಸುವಾಗ ಹೋದ ಶಕ್ತಿ ಅಷ್ಟಾಗಿ ವಾಪಸ್ ಬರುವುದಿಲ್ಲ. ಪ್ಲೇಟ್ ಗಟ್ಟಿ ಇದ್ದರೆ ಆ ಮಡಿಕೆ ಕಡಿಮೆ ಆಗುತ್ತದೆ, ನೆಲವನ್ನು ತಳ್ಳುವ ಜಾಗ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ತಳ್ಳುವ ಜಾಗ ಮುಂದೆ ಹೋದಷ್ಟೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ, ಮೀನಖಂಡಕ್ಕೆ ಬೀಳುವ ಭಾರ ಜಾಸ್ತಿ. ಆ ಭಾರ ತಡೆಯುವ ಕಾಲು ಇದ್ದರೆ ಲಾಭ, ಇಲ್ಲದಿದ್ದರೆ ಶೂ ಬಗ್ಗುವುದಿಲ್ಲ, ಹುಡುಗ ದಬದಬ ಅಂತ ಪಾದ ಅಪ್ಪಳಿಸುತ್ತಾನೆ. ಕೆನಡಾದ ಕ್ಯಾಲ್ಗರಿಯಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಟ್ಟಿ ಪ್ಲೇಟಿನಿಂದ ಓಟ ಸರಾಸರಿ ಸುಧಾರಿಸಿತ್ತು, ಆದರೆ ಆ ಸುಧಾರಣೆ ಶೇಕಡಾ ಒಂದಕ್ಕಿಂತ ಕಡಿಮೆ. ಇನ್ನೂ ಮುಖ್ಯವಾದದ್ದು, ಒಬ್ಬೊಬ್ಬರಿಗೆ ಒಂದೊಂದು ಗಡಸುತನ ಹೊಂದಿತ್ತು. ಎಲ್ಲರಿಗೂ ಒಂದೇ ಪ್ಲೇಟ್ ಸರಿ ಹೋಗಲಿಲ್ಲ. ನಂತರದ ಕೆಲವು ಅಧ್ಯಯನಗಳಲ್ಲಿ ಆ ಸರಾಸರಿ ಲಾಭವೂ ಸಿಗಲಿಲ್ಲ.

"ಇಲ್ಲ ಸಾರ್, ಹೊಸ ಸ್ಪೈಕ್ಸ್ ಹಾಕಿದ ಮೇಲೆ ನಮ್ಮ ಹುಡುಗನ ಟೈಮಿಂಗ್ ಎರಡು ಪಾಯಿಂಟ್ ಕಡಿಮೆ ಆಯ್ತು" ಅನ್ನುವವರು ಇದ್ದೇ ಇರುತ್ತಾರೆ. ಎರಡು ಪಾಯಿಂಟ್ ಅಂದರೆ 0.2 ಸೆಕೆಂಡ್. ಆ ಟೈಮ್ ಹೇಗೆ ತೆಗೆದದ್ದು ಅಂತ ಕೇಳಿ. ಗುರಿಯ ಗೆರೆ ಹತ್ತಿರ ಪಿ.ಟಿ. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಆ ಕಡೆ ಇನ್ನೊಬ್ಬರು ಕೈ ಎತ್ತಿ ಸೀಟಿ ಊದುತ್ತಾರೆ. ಸೀಟಿ ಕಿವಿಗೆ ಬಿದ್ದು ಹೆಬ್ಬೆರಳು ಗುಂಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿ ಸ್ವಲ್ಪ ಹೊತ್ತು ಆಗಿರುತ್ತದೆ. ಕೈಯಲ್ಲಿ ತೆಗೆದ ಟೈಮಿಗೂ ಎಲೆಕ್ಟ್ರಾನಿಕ್ ಟೈಮಿಗೂ 100, 200 ಮೀಟರ್‌ನಲ್ಲಿ 0.24 ಸೆಕೆಂಡ್ ವ್ಯತ್ಯಾಸ ಅಂತ ಲೆಕ್ಕ ಹಿಡಿಯುವ ಪದ್ಧತಿಯೇ ಇದೆ. ಅಂದರೆ ಮೇಷ್ಟ್ರ ಹೆಬ್ಬೆರಳಿನ ಲೆಕ್ಕವೇ ನೀವು ಹೇಳುವ ಎರಡು ಪಾಯಿಂಟಿಗಿಂತ ದೊಡ್ಡದು. ಇದರ ಜೊತೆಗೆ ಗಾಳಿ. ದಾಖಲೆಗೆ ಒಪ್ಪುವ ಮಿತಿ ಸೆಕೆಂಡಿಗೆ 2 ಮೀಟರ್. ಬೆನ್ನ ಹಿಂದಿನಿಂದ ಅಷ್ಟು ಗಾಳಿ ಬೀಸಿದರೆ ಒಳ್ಳೆಯ ಓಟಗಾರರಿಗೇ 0.1 ಸೆಕೆಂಡ್ ಸುಮ್ನೆ ಸಿಗುತ್ತದೆ. ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ಒಂದು ತುದಿ ಸ್ವಲ್ಪ ಇಳಿಜಾರು ಇದ್ದರೆ ಅದೂ ಸೇರಿತು. ಇಷ್ಟರ ಮಧ್ಯೆ ಶೂನ ಪಾಲು ಎಷ್ಟು ಅಂತ ಹುಡುಕುವುದು ಎಲ್ಲಿಂದ?

ಸರಿ, ಈಗ ನೆಲಕ್ಕೆ ಬರೋಣ. ಎರಡು ಜಿಲ್ಲೆ ಅಂದೆ, ಆದರೆ ನೆಲದ ಲೆಕ್ಕದಲ್ಲಿ ಇವು ಬೇರೆ ಬೇರೆ ದೇಶಗಳು ಅಂದರೂ ಆಗುತ್ತದೆ. ಅರಸೀಕೆರೆ, ಕಡೂರು ಕಡೆ ಮಳೆ ಕಡಿಮೆ, ಮೈದಾನ ಒಣಗಿ ಗಟ್ಟಿಯಾಗಿ ಮೇಲೆ ಸಣ್ಣ ಕಲ್ಲು ಎದ್ದಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಕೂಟ ನಡೆಯುವ ಹೊತ್ತಿಗೆ ಇನ್ನೂ ಮಳೆ ಬಿಟ್ಟಿರುವುದಿಲ್ಲ. ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು, ನಡುವೆ ನೀರು ನಿಂತ ಜಾಗಕ್ಕೆ ಮರಳು ಸುರಿದಿರುತ್ತಾರೆ. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಅಳಿಸಿ ಹೋಗಿರುತ್ತದೆ.

ಈ ಎರಡೂ ಕಡೆಯ ಮಕ್ಕಳು ಜಿಲ್ಲೆಯಲ್ಲಿ ಗೆದ್ದರೆ ಹೋಗುವುದು ಮೈಸೂರು ವಿಭಾಗಕ್ಕೆ. ಅಲ್ಲಿ ಎದುರಿಗೆ ಸಿಗುವವರಲ್ಲಿ ದಕ್ಷಿಣ ಕನ್ನಡ, ಉಡುಪಿ ಮಕ್ಕಳೂ ಇರುತ್ತಾರೆ. ಅವರ ಕಡೆ ಮಂಗಳೂರಿನ ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು, ಮೂಡುಬಿದಿರೆಯ ಸ್ವರಾಜ್ಯ ಮೈದಾನ, ಎಲ್ಲ ಕಡೆ ಸಿಂಥೆಟಿಕ್ ಟ್ರ್ಯಾಕ್ ಇದೆ. ಅವರಲ್ಲಿ ಎಷ್ಟೋ ಮಕ್ಕಳು ವರ್ಷವಿಡೀ ಅದರ ಮೇಲೆ ಓಡಿದವರು. ನಮ್ಮವರು ಎಷ್ಟೋ ಸಲ ಕೂಟದ ದಿನವೇ ಮೊದಲ ಬಾರಿಗೆ ಆ ಟ್ರ್ಯಾಕ್ ಮೇಲೆ ಕಾಲಿಡುತ್ತಾರೆ. ಸೋತು ಬಂದ ಮೇಲೆ "ಅವರ ಶೂ ನೋಡಬೇಕಿತ್ತು ಸಾರ್" ಅನ್ನುತ್ತಾರೆ. ಶೂ ಕಣ್ಣಿಗೆ ಕಾಣುತ್ತದೆ, ವರ್ಷವಿಡೀ ಓಡಿದ್ದು ಕಾಣುವುದಿಲ್ಲ, ಅಲ್ವಾ?

ಪಿನ್ ವಿಷಯವೇ ಅಸಲಿ ವಿಷಯ. ಇದರ ಬಗ್ಗೆ ಅಂಗಡಿಯವರೂ ಅಷ್ಟಾಗಿ ಹೇಳುವುದಿಲ್ಲ, ಕೇಳುವವರೂ ಕಡಿಮೆ.

ಹೆಚ್ಚಿನ ಸ್ಪೈಕ್ಸ್‌ನಲ್ಲಿ ಪಿನ್ ತಿರುಪು ಹಾಕಿ ಕೂರಿಸಿರುತ್ತಾರೆ, ಪೆಟ್ಟಿಗೆಯಲ್ಲಿ ಒಂದು ಸಣ್ಣ ಕೀ ಇರುತ್ತದೆ. ಸಿಂಥೆಟಿಕ್ ಮೇಲೆ 6 ಮಿ.ಮೀ. ಸಾಕು. ಬುಡ ದಪ್ಪ, ತುದಿ ಚೂಪಾದ ಪಿರಮಿಡ್ ಪಿನ್ ಎಲ್ಲ ಕಡೆ ನಡೆಯುತ್ತದೆ. ಸೂಜಿಯಂಥ ಪಿನ್ ಟ್ರ್ಯಾಕ್ ರಬ್ಬರ್ ಚುಚ್ಚಿ ಹಾಳು ಮಾಡುತ್ತದೆ ಅಂತ ಕೆಲವು ಕ್ರೀಡಾಂಗಣಗಳಲ್ಲಿ ಬಿಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿರುವ ಇನ್ನೊಂದು ಬಗೆ ಇದೆ, ಅದು ಚುಚ್ಚುವುದಕ್ಕಿಂತ ರಬ್ಬರನ್ನು ಒತ್ತುತ್ತದೆ, ಟ್ರ್ಯಾಕಿಗೂ ಒಳ್ಳೆಯದು. ಒದ್ದೆ ಮಣ್ಣು, ಹುಲ್ಲಿಗೆ 9 ಅಥವಾ 12 ಮಿ.ಮೀ. ಬೇಕು, ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ. ಈಗ ಎಲ್ಲರೂ ತಪ್ಪು ತಿಳಿಯುವ ಜಾಗ: ಮಣ್ಣು ಅಂದ ತಕ್ಷಣ ಉದ್ದ ಪಿನ್ ಅಂದುಕೊಳ್ಳುತ್ತಾರೆ. ಕಡೂರಿನ ಒಣ ಮೈದಾನದಲ್ಲಿ 12 ಮಿ.ಮೀ. ಹಾಕಿದರೆ ಅದು ನೆಲಕ್ಕೆ ಇಳಿಯುವುದೇ ಇಲ್ಲ. ಮೊಳೆಗಳ ಮೇಲೆ ನಿಂತ ಹಾಗೆ ಪಾದ ಮೇಲೇ ಉಳಿಯುತ್ತದೆ, ಒಂದೊಂದು ಪಿನ್ ಇರುವ ಜಾಗದಲ್ಲೂ ಅಂಗಾಲಿಗೆ ಒತ್ತುತ್ತದೆ, ಸಣ್ಣ ಕಲ್ಲು ಸಿಕ್ಕರೆ ಪಾದ ಹೊರಳುತ್ತದೆ. ಅಲ್ಲಿಗೂ 6 ಅಥವಾ 7 ಸಾಕು. ಗದ್ದೆಗೆ ಇಳಿಯುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುತ್ತೇವೆ, ಅದೇ ಚಕ್ರದಲ್ಲಿ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಗೆ ಬರುತ್ತೇವಾ?

ಹಾಗಾಗಿ ಅಂಗಡಿಯಲ್ಲಿ ಶೂ ತಿರುಗಿಸಿ ಕೇಳಬೇಕಾದ ಮೊದಲ ಪ್ರಶ್ನೆ, ಪಿನ್ ಬಿಚ್ಚಲು ಬರುತ್ತದಾ, ಬೇರೆ ಅಳತೆಯ ಪಿನ್ ಸಿಗುತ್ತದಾ ಅಂತ. ಕೆಲವು ದುಬಾರಿ ಶೂಗಳಲ್ಲಿ ಮೊಳೆ ಪ್ಲೇಟಿನ ಜೊತೆಗೇ ಅಚ್ಚು ಹಾಕಿರುತ್ತದೆ. ಆಸಿಕ್ಸ್‌ನವರ ಮೆಟಾಸ್ಪ್ರಿಂಟ್‌ನಲ್ಲಂತೂ ಪಿನ್ನೇ ಇಲ್ಲ, ಜೇನುಗೂಡಿನ ಆಕಾರದ ಕಾರ್ಬನ್ ಅಂಚುಗಳೇ ಟ್ರ್ಯಾಕನ್ನು ಹಿಡಿಯುತ್ತವೆ. ಒಳ್ಳೆಯ ತಲೆ ಓಡಿಸಿದ್ದಾರೆ, ಆದರೆ ಅದು ಹುಟ್ಟಿದ್ದು ಸಿಂಥೆಟಿಕ್‌ಗೆ. ಮೂಡಿಗೆರೆಯ ಕೆಸರು ಆ ಗೂಡಿನ ತುಂಬ ಮೆತ್ತಿಕೊಂಡರೆ ಅಷ್ಟು ದುಡ್ಡಿನ ಶೂ ಜಾರುವ ಚಪ್ಪಲಿ ಆಗುತ್ತದೆ.

ಪಿನ್ ಬದಲಿಸುವುದು ಹೇಳಿದಷ್ಟು ಸುಲಭ ಅಲ್ಲ, ಅದನ್ನೂ ಹೇಳಬೇಕು. ಸಕಲೇಶಪುರದ ಕಡೆ ಒಂದು ಮಳೆಗಾಲ ಓಡಿದ ಸ್ಪೈಕ್ಸ್ ಕೈಗೆ ತೆಗೆದುಕೊಂಡು ನೋಡಿ. ಪ್ಲೇಟಿನ ಬಣ್ಣವೇ ಗೊತ್ತಾಗುವುದಿಲ್ಲ, ಕೆಂಪು ಮಣ್ಣು ಒಣಗಿ ಗಾರೆ ಥರ ಹಿಡಿದಿರುತ್ತದೆ. ಪಿನ್ನಿನ ಬುಡದ ಸುತ್ತ ತುಕ್ಕಿನ ಒಂದು ಉಂಗುರ. ಕೀ ಹಾಕಿ ತಿರುಗಿಸಿದರೆ ಪಿನ್ ಅಲುಗುವುದಿಲ್ಲ, ಕೀ ಹಿಡಿಯುವ ಅಂಚು ಸವೆದು ಕೀ ಮಾತ್ರ ಗಿರಗಿರ ಸುತ್ತುತ್ತದೆ. ಆಮೇಲೆ ಕಟಿಂಗ್ ಪ್ಲೇಯರ್ ತಂದು ಎಳೆಯುವುದು, ಎಳೆದಾಗ ಪಿನ್ ಜೊತೆ ಪ್ಲೇಟಿನ ತಿರುಪೂ ಕಿತ್ತು ಬರುವುದು, ಅಲ್ಲಿಗೆ ಶೂ ಕಥೆ ಮುಗಿಯಿತು. ಹೊಸ ಶೂ ಬಂದ ದಿನವೇ ಎಲ್ಲ ಪಿನ್ ಬಿಚ್ಚಿ, ತಿರುಪಿಗೆ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಅಥವಾ ಸ್ವಲ್ಪ ಗ್ರೀಸ್ ಸವರಿ ವಾಪಸ್ ಹಾಕಿದರೆ ಇದು ಯಾವುದೂ ಆಗುವುದಿಲ್ಲ. ಮಳೆಯಲ್ಲಿ ಓಡಿದ ಸಂಜೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ತೆಗೆದು ಪಿನ್ ಬಿಚ್ಚಿ ಇಡಬೇಕು. ಶೂ ಒಣಗಿಸಲು ಒಲೆ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಪೇಪರ್ ತುರುಕಿ ಗಾಳಿಗೆ ಇಟ್ಟರೆ ಸಾಕು. ಸ್ಪೈಕ್ಸ್ ಹಾಕಿಕೊಂಡು ಸಿಮೆಂಟ್ ಮೇಲೆ ಟಕಟಕ ಓಡಾಡುವುದು ಮಕ್ಕಳಿಗೆ ಒಂದು ಗತ್ತು, ನೋಡಲು ಮಜಾನೇ, ಆದರೆ ಪಿನ್ನಿನ ತುದಿ ಅಲ್ಲೇ ಹೋಗುತ್ತದೆ, ಜಾರಿ ಬೀಳುವುದೂ ಅಲ್ಲೇ.

ಇನ್ನು ಅಳತೆ. ನಮ್ಮಲ್ಲಿ ಯೂನಿಫಾರ್ಮ್ ಇಂದ ಹಿಡಿದು ಎಲ್ಲವನ್ನೂ ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡದು ತೆಗೆಯುವ ಅಭ್ಯಾಸ. ಸ್ಪೈಕ್ಸ್ ವಿಷಯದಲ್ಲಿ ಮಾತ್ರ ಇದು ಬೇಡ. ಶೂ ಒಳಗೆ ಪಾದ ಜರುಗಿದರೆ ತಳ್ಳಿದ ಬಲ ಶೂನಲ್ಲೇ ಕಳೆದುಹೋಗುತ್ತದೆ, 200 ಮೀಟರ್ ತಿರುವಿನಲ್ಲಿ ಕಣಕಾಲು ಹೊರಳುತ್ತದೆ. ಮುಂದಿನ ಬೆರಳು ಶೂ ತುದಿಗೆ ತಾಗಿಯೂ ತಾಗದ ಹಾಗೆ ಇರಬೇಕು, ಆದರೆ ಬೆರಳು ಮಡಿಸಿಕೊಂಡಿರಬಾರದು. ತೆಳು ಸಾಕ್ಸ್ ಹಾಕಿಯೇ ನೋಡಿ, ಸಂಜೆ ಹೊತ್ತು ನೋಡಿದರೆ ಇನ್ನೂ ಒಳ್ಳೆಯದು, ಆಗ ಪಾದ ಸ್ವಲ್ಪ ಊದಿರುತ್ತದೆ.

ಅಗಲ ಇನ್ನೊಂದು ತಲೆನೋವು. ಬರಿಗಾಲಲ್ಲಿ ಬೆಳೆದ ಮಕ್ಕಳ ಮುಂಗಾಲು ಅಗಲ. ಇದು ನಮ್ಮ ಊಹೆ ಅಲ್ಲ, ಬೆಲ್ಜಿಯಂನ ಸಂಶೋಧಕರು ಭಾರತದಲ್ಲಿ ಬರಿಗಾಲಲ್ಲಿ ನಡೆಯುವವರ ಪಾದ ಅಳೆದು 2009ರಲ್ಲಿ ಇದನ್ನೇ ಬರೆದಿದ್ದಾರೆ. ದುಬಾರಿ ಸ್ಪ್ರಿಂಟ್ ಶೂಗಳ ಅಚ್ಚು ಹೆಚ್ಚಾಗಿ ಕಿರಿದು. ತೋಟದಲ್ಲಿ, ಗದ್ದೆ ಬದುವಿನ ಮೇಲೆ ಓಡಾಡಿ ಬೆಳೆದ ಹುಡುಗನಿಗೆ ಉದ್ದ ಸರಿಯಾದರೆ ಅಗಲ ಹಿಡಿಯುತ್ತದೆ, ಅಗಲ ಸರಿಯಾಗಲಿ ಅಂತ ದೊಡ್ಡದು ತೆಗೆದರೆ ಹಿಮ್ಮಡಿ ಕಳಚುತ್ತದೆ. ಕಿರುಬೆರಳಿನ ಹೊರಗಡೆ ಬೊಬ್ಬೆ ಎದ್ದಿದ್ದರೆ ಅದಕ್ಕೆ ಕಾರಣ ಇದೇ. ಇದಕ್ಕೇ ಆನ್‌ಲೈನ್‌ನಲ್ಲಿ ನಂಬರ್ ನೋಡಿ ತರಿಸುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಬೇರೆ ದಾರಿ ಇಲ್ಲ, ಹಾಸನದ ಅಂಗಡಿಗಳಲ್ಲಿ ಅರ್ಧ ಜಾಗ ಕ್ರಿಕೆಟ್ ಸಾಮಾನೇ ಇರುತ್ತದೆ ಅನ್ನುತ್ತೀರಾ, ಸರಿ. ಹಾಗಾದರೆ ಕಾಗದದ ಮೇಲೆ ಮಗುವನ್ನು ನಿಲ್ಲಿಸಿ ಪಾದದ ಗೆರೆ ಎಳೆದು ಸೆಂಟಿಮೀಟರ್‌ನಲ್ಲಿ ಅಳೆಯಿರಿ. ನಮ್ಮ ಅಂಗಡಿಗಳಲ್ಲಿ ಹೇಳುವ ನಂಬರ್ ಬ್ರಿಟನ್ ಅಳತೆ. ಅಮೆರಿಕದ ನಂಬರ್ ಗಂಡಸರ ಶೂನಲ್ಲಿ ಅದಕ್ಕಿಂತ ಅರ್ಧದಿಂದ ಒಂದರಷ್ಟು ಜಾಸ್ತಿ. ಕಾಲು ಏಳರದ್ದು ಅಂತ ಅಮೆರಿಕದ ಏಳು ತರಿಸಿದರೆ ಕಾಲು ಒಳಗೇ ಹೋಗುವುದಿಲ್ಲ. ಹೆಣ್ಣುಮಕ್ಕಳ ಮೂರು, ನಾಲ್ಕು ನಂಬರ್ ಅಂಗಡಿಯಲ್ಲಿ ಸಿಗುವುದೇ ಕಷ್ಟ. ಸಿಕ್ಕ ಐದನೇ ನಂಬರಿಗೆ ಎರಡು ಸಾಕ್ಸ್ ಹಾಕಿ ಓಡುವ ಹುಡುಗಿಯರನ್ನು ಪ್ರತಿ ಕೂಟದಲ್ಲೂ ನೋಡಬಹುದು.

ವಯಸ್ಸಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹತ್ತರಿಂದ ಹದಿನಾಲ್ಕರ ತನಕ ಹಿಮ್ಮಡಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ಆ ಜಾಗಕ್ಕೆ ಹಿಂದಿನ ಸ್ನಾಯುರಜ್ಜು ಎಳೆದು ಎಳೆದು ನೋವು ಬರುವುದನ್ನು ಡಾಕ್ಟರುಗಳು ಸೀವರ್ಸ್ ಅನ್ನುತ್ತಾರೆ. ಸ್ಪ್ರಿಂಟ್ ಸ್ಪೈಕ್ಸ್‌ನಲ್ಲಿ ಹಿಮ್ಮಡಿ ಕೆಳಗೆ ಮೆತ್ತೆ ಇಲ್ಲದಷ್ಟೇ ಇರುತ್ತದೆ, ಮುಂದಿನ ತುದಿ ಮೇಲಕ್ಕೆ ಬಾಗಿರುತ್ತದೆ. ದಿನಾ ಅದರಲ್ಲೇ ಪ್ರಾಕ್ಟೀಸ್ ಮಾಡಿಸಿದರೆ ಆ ಎಳೆತ ಹೆಚ್ಚುತ್ತದೆ. ಪ್ರೈಮರಿ ಮಕ್ಕಳಿಗೆ ಸ್ಪೈಕ್ಸ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೈಸ್ಕೂಲಿನವರು ವಾರ್ಮ್‌ಅಪ್, ಉದ್ದ ಓಟ, ಕೂಲ್‌ಡೌನ್ ಎಲ್ಲ ಮಾಮೂಲಿ ಶೂನಲ್ಲೇ ಮಾಡಲಿ. ವಾರಕ್ಕೆ ಎರಡು ದಿನ, ಕೆಲವು ಸ್ಟಾರ್ಟ್, ಕೆಲವು ಚಿಕ್ಕ ಓಟಕ್ಕೆ ಮಾತ್ರ ಸ್ಪೈಕ್ಸ್. ಕಾಲಿನ ಮುಂದಿನ ಮೂಳೆ ಅಥವಾ ಹಿಮ್ಮಡಿ ಬೆಳಿಗ್ಗೆ ಏಳುವಾಗ ನೋಯುತ್ತಿದ್ದರೆ ಅವತ್ತು ಸ್ಪೈಕ್ಸ್ ಚೀಲದಲ್ಲೇ ಇರಲಿ.

ಪ್ಲೇಟಿನ ಬಿಗಿ ನೋಡುವುದು ಹೇಗೆ? ಶೂ ಹಿಮ್ಮಡಿ ಒಂದು ಕೈಯಲ್ಲಿ, ತುದಿ ಇನ್ನೊಂದು ಕೈಯಲ್ಲಿ ಹಿಡಿದು ಮಡಿಸಿ. ಹದಿನಾಲ್ಕು, ಹದಿನೈದರವರ ಶೂ ಸ್ವಲ್ಪ ಬಲ ಹಾಕಿದರೆ ಬೆರಳ ಬುಡದ ಜಾಗದಲ್ಲಿ ಬಗ್ಗಬೇಕು. ದೊಡ್ಡವರು ಒತ್ತಿದರೂ ಜಗ್ಗದ ಪ್ಲೇಟ್ ಬೇಡ. ಮಧ್ಯದಲ್ಲಿ, ಅಂದರೆ ಪಾದದ ಕಮಾನಿನ ಕೆಳಗೆ ಮಡಚಿಕೊಂಡರೆ ಆ ಶೂನೂ ಬೇಡ. ಸಿಂಥೆಟಿಕ್ ಮೇಲೆ ವರ್ಷಗಟ್ಟಲೆ ಓಡಿ, ಜಿಮ್ ಮಾಡಿ, ರಾಜ್ಯ ಮಟ್ಟದಲ್ಲಿ ಮೆಡಲ್ ಹತ್ತಿರ ಇರುವ ಹದಿನೆಂಟರ ಹುಡುಗ ಹುಡುಗಿಯರ ಮಾತು ಬೇರೆ. ಅವರ ಕೋಚ್ ಹೇಳಿದರೆ ಗಟ್ಟಿ ಪ್ಲೇಟ್ ಕೊಡಿಸಿ, ಆ ದುಡ್ಡು ವ್ಯರ್ಥ ಅನ್ನುವುದಿಲ್ಲ. ಅನಿಮೇಶ್ ಕುಜೂರ್ 2025ರ ಜುಲೈನಲ್ಲಿ ಗ್ರೀಸ್‌ನಲ್ಲಿ 10.18 ಓಡಿ 100 ಮೀಟರ್‌ನ ರಾಷ್ಟ್ರೀಯ ದಾಖಲೆ ಮಾಡಿದಾಗ ಎಂಟನೇ ಕ್ಲಾಸಿನವನ ಶೂ ಹಾಕಿರಲಿಲ್ಲ, ನಿಜ. ಎಂಟನೇ ಕ್ಲಾಸಿನವನಿಗೆ ಅವರ ಶೂ ಬೇಡ ಅನ್ನುವುದೂ ಅಷ್ಟೇ ನಿಜ.

ಸ್ಪರ್ಧೆಗೆ ತಕ್ಕ ಶೂ ಅನ್ನುವುದು ಪುಸ್ತಕದಲ್ಲಿ ಸರಿ. 100ಕ್ಕೆ ಬಿಗಿ ಪ್ಲೇಟ್, 400ಕ್ಕೆ ಸ್ವಲ್ಪ ಸಡಿಲ, ಎತ್ತರ ಜಿಗಿತಕ್ಕೆ ಹಿಮ್ಮಡಿಯಲ್ಲೂ ಪಿನ್, ಹೀಗೆ. ನಮ್ಮಲ್ಲಿ ಒಬ್ಬಳೇ ಹುಡುಗಿ ಬೆಳಿಗ್ಗೆ 100, ಆಮೇಲೆ ಉದ್ದ ಜಿಗಿತ, ಮಧ್ಯಾಹ್ನ 200, ಸಂಜೆ ರಿಲೇ. ಅವಳಿಗೆ ಸಾಧಾರಣ ಬಿಗಿಯ ಒಂದೇ ಸ್ಪ್ರಿಂಟ್ ಸ್ಪೈಕ್ಸ್ ನಾಲ್ಕಕ್ಕೂ ನಡೆಯುತ್ತದೆ. ಎತ್ತರ ಜಿಗಿತ, ಟ್ರಿಪಲ್ ಜಂಪ್‌ಗೆ ಮಾತ್ರ ಅದು ಬೇಡ, ಹಿಮ್ಮಡಿಗೆ ಪೆಟ್ಟು ಬೀಳುತ್ತದೆ.

ದುಡ್ಡಿನ ಲೆಕ್ಕ ಹೀಗಿದೆ. ನಮ್ಮ ದೇಶದ ಕಂಪನಿಗಳ ಸಾಧಾರಣ ಸ್ಪೈಕ್ಸ್ ಎರಡು ಸಾವಿರದ ಆಸುಪಾಸು ಸಿಗುತ್ತದೆ. ಹೊರಗಿನ ದೊಡ್ಡ ಕಂಪನಿಗಳ ಕಲಿಯುವವರ ಮಾದರಿ ಅದಕ್ಕಿಂತ ಜಾಸ್ತಿ, ಆದರೂ ಆ ಫೋಟೋದ ಶೂನ ಅರ್ಧದೊಳಗೇ. ಫೋಟೋದ ಶೂ ಥರವೇ ಕಾಣುವ ಕಾಪಿಗಳೂ ಬರುತ್ತಿವೆ. ಅವುಗಳಲ್ಲಿ ಕಾರ್ಬನ್ ಅಂದದ್ದು ಬರೀ ಪ್ಲಾಸ್ಟಿಕ್ ಮೇಲೆ ಅಂಟಿಸಿದ ಕಪ್ಪು ಚೌಕಳಿ ಸ್ಟಿಕ್ಕರ್ ಆಗಿರುವುದೂ ಉಂಟು. ಹೈಸ್ಕೂಲಿನ ಎಷ್ಟೋ ಮಕ್ಕಳ ಪಾದ ವರ್ಷದೊಳಗೆ ಒಂದು ನಂಬರ್ ಬೆಳೆಯಬಹುದು, ಹಾಗಾಗಿ ಎಷ್ಟೇ ಕೊಟ್ಟು ತಂದರೂ ಅದು ಒಂದು ಸೀಸನ್ನಿನ ಶೂ. ಇದಕ್ಕೆ ಒಳ್ಳೆಯ ಉಪಾಯ ಶಾಲೆಗಳ ಕೈಯಲ್ಲೇ ಇದೆ. ಪಿ.ಟಿ. ಮೇಷ್ಟ್ರ ಕೋಣೆಯಲ್ಲಿ ನಾಲ್ಕರಿಂದ ಎಂಟು ನಂಬರ್‌ವರೆಗೆ ಒಂದೊಂದು ಜೊತೆ, ಒಂದು ಡಬ್ಬಿ ಪಿನ್, ಎರಡು ಕೀ. ಹತ್ತನೇ ಕ್ಲಾಸ್ ಮುಗಿಸಿ ಹೋಗುವವರು ತಮ್ಮದನ್ನು ಅಲ್ಲಿಗೇ ಕೊಟ್ಟು ಹೋಗಬಹುದು. ಹಳೇ ವಿದ್ಯಾರ್ಥಿಗಳು ಟ್ರೋಫಿ ಕೊಡಿಸುವ ದುಡ್ಡಿನಲ್ಲಿ ಇದನ್ನು ಮಾಡಿದರೆ ಹತ್ತಾರು ಮಕ್ಕಳು ಓಡುತ್ತಾರೆ.

ಉಳಿದ ಹತ್ತು ಹದಿಮೂರು ಸಾವಿರದ ವಿಷಯ ಹೇಳುತ್ತೇನೆ ಅಂದಿದ್ದೆ. ಜಿಲ್ಲಾ ಮಟ್ಟ ಗೆದ್ದು ವಿಭಾಗಕ್ಕೆ ಹೊರಟ ಮಗುವನ್ನು ಕೂಟಕ್ಕೆ ಮೊದಲು ಎರಡು ಮೂರು ಸಲ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿಸಿ. ಹಾಸನದವರಿಗೆ ಮೈಸೂರಿನ ಚಾಮುಂಡಿ ವಿಹಾರ ಇದೆ. ಸಕಲೇಶಪುರದವರು ಶಿರಾಡಿ ಇಳಿದರೆ ಮಂಗಳೂರು, ಮೂಡಿಗೆರೆಯವರಿಗೆ ಚಾರ್ಮಾಡಿ ಇಳಿದರೆ ಆಯಿತು. ಓಡುವವಳು ಮಗಳು, ಕರೆದುಕೊಂಡು ಹೋಗುವವರು ಅಮ್ಮ ಆದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ, ಊಟದ ಖರ್ಚು ಅಷ್ಟೇ. ಹೋಗುವ ಮೊದಲು ಕ್ರೀಡಾಂಗಣಕ್ಕೆ ಫೋನ್ ಮಾಡಿ ಹೊರಗಿನವರಿಗೆ ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಶುಲ್ಕ ಎಷ್ಟು, ಪಿನ್ ಎಷ್ಟು ಮಿ.ಮೀ. ಇರಬೇಕು ಅಂತ ಕೇಳಿಕೊಳ್ಳಿ.

ಮೊದಲ ಸಲ ಮಾಮೂಲಿ ಶೂನಲ್ಲೇ ಓಡಲಿ. ಸಿಂಥೆಟಿಕ್ ನೆಲ ಪಾದವನ್ನು ವಾಪಸ್ ತಳ್ಳುತ್ತದೆ, ಮಣ್ಣಿನಲ್ಲಿ ರೂಢಿಯಾದ ಹೆಜ್ಜೆಯ ಲಯ ಅಲ್ಲಿ ಸ್ವಲ್ಪ ತಪ್ಪುತ್ತದೆ, ಮಾರನೇ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಆ ನೋವು ಕೂಟದ ಮಧ್ಯೆ ಬರುವ ಬದಲು ಎರಡು ವಾರ ಮೊದಲೇ ಬಂದು ಹೋಗಲಿ. ಎರಡನೇ ಸಲ 6 ಮಿ.ಮೀ. ಪಿನ್ ಹಾಕಿ, ಓಟ ಶುರು ಮಾಡುವಾಗ ಪಾದ ಊರುವ ಬ್ಲಾಕ್ ಇಟ್ಟು ನಾಲ್ಕೈದು ಸ್ಟಾರ್ಟ್ ತೆಗೆಸಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮಣ್ಣಿನಲ್ಲಿ ಕಾಲಿನಿಂದ ಗುಂಡಿ ತೋಡಿ ಸ್ಟಾರ್ಟ್ ಕಲಿತವರು, ಬ್ಲಾಕ್ ಮೇಲೆ ಪಾದ ಎಲ್ಲಿಡಬೇಕು ಅಂತಲೇ ಗೊತ್ತಿರುವುದಿಲ್ಲ. ಮುಂದಿನ ಬ್ಲಾಕ್ ಗೆರೆಯಿಂದ ಎಷ್ಟು ಪಾದ ದೂರ, ಹಿಂದಿನದು ಎಷ್ಟು ಅಂತ ಅವತ್ತೇ ಅಳೆದು ಶೂ ಒಳಗಿನ ಇನ್‌ಸೋಲ್ ಮೇಲೆ ಪೆನ್ನಿನಲ್ಲಿ ಬರೆದಿಡಿ.